ಎರಡು ಪಾಯಿಂಟ್ ಆರು ದಲಘಮೀ

ಮೈಂದರ್ಗಿಯ ನಗರ ಪರಿಷತ್ತಿನಲ್ಲಿ
ಮರಾಠಿಯಲ್ಲಿ ಬಂದದ್ದನ್ನು ಕನ್ನಡಕ್ಕೆ ಇಳಿಸುವುದು
ನನ್ನ ಕೆಲಸವಲ್ಲ. ನಾನು ಜನನ-ಮರಣದ ಗುಮಾಸ್ತೆ.
ಆದರೂ ಉದ್ದನೆಯ ಕಾಗದ ಬಂದಾಗೆಲ್ಲ
‘ಗೌರಕ್ಕಗ ಕೊಡ್ರಿ’ ಅಂತಾರೆ.

ಈ ಸಲ ಹದಿನಾಲ್ಕು ಪುಟದ ಕರಾರು.
ಪಾಟಬಂಧಾರೆ ಖಾತೆಯ ಗುಂಡು ಸಿಕ್ಕೆ,
ನಡುವೆ ಒಂದೇ ಶಬ್ದ ಮತ್ತೆ ಮತ್ತೆ: ಸಾಠಾ.
ಧರಣದೊಳಗೆ ಊರಿಗೆಂದು ಮೀಸಲಾದ ಸಾಠಾ,
ಎರಡು ಪಾಯಿಂಟ್ ಆರು ದಲಘಮೀ,
ಮೂವತ್ತು ವರ್ಷಕ್ಕೆ.

ಸಂಗ್ರಹ ಎಂದು ಬರೆದೆ, ಹೊಡೆದು ಹಾಕಿದೆ.
ದಾಸ್ತಾನು ಗೋದಾಮಿನ ಮಾತು,
ಸಿಮೆಂಟಿನ ಧೂಳು ಹತ್ತಿದೆ ಅದಕ್ಕೆ.
ಶೇಖರಣೆ ಅಂದರೆ ಜನ ಡೇರಿಗೆ ಹೋಗುತ್ತಾರೆ.

ಸಭೆಯಲ್ಲಿ ಓದಿದಾಗ
ಐದನೇ ವಾರ್ಡಿನ ಮುಮ್ತಾಜಬಿ ನದಾಫ ಎದ್ದಳು:
‘ನೀರು ಎಷ್ಟು ಬರ್ತದ?’
ಇದರಾಗ ನೀರಿಲ್ಲ, ಅಂದೆ.
ನೀರು ನಿಲ್ಲೋ ಜಾಗಾ ಅದ.
ಮಳೆ ಬಂದರೆ ಅದು ಮೊದಲು ತುಂಬಬೇಕು,
ಯಾರ ಕಬ್ಬೂ ಅದಕ್ಕೆ ಬಾಯಿ ಹಾಕುವಂತಿಲ್ಲ.
‘ಬರದಿದ್ರ?’
ಬರದಿದ್ದರೂ ವರ್ಷದ ರೊಕ್ಕ ಕಟ್ಟಬೇಕು. ಕಲಮು ಒಂಬತ್ತು.

ಒಂದು ಗಳಿಗೆ ಎಲ್ಲರೂ ಫ್ಯಾನು ನೋಡಿದರು.
‘ಅಂದ್ರ ಖಾಲಿ ಕೊಳ್ಳಾಕ ಹೊಂಟೇವಿ’ ಅಂದ ಯಾರೋ.

ಬಾಗಿಲಲ್ಲಿ ನಿಂತಿದ್ದ ವಾಲ್ವಿನ ರೇವಣಸಿದ್ಧ,
ಎಂಟು ದಿನಕ್ಕೊಮ್ಮೆ ನಲ್ಲಿಗೆ ನೀರು ಬಿಡುವವ,
ಯಾವ ಓಣಿ ಯಾವ ಭಾಷೆಯಲ್ಲಿ ಬೈಯುತ್ತದೆಂದು ಬಲ್ಲವ,
ಸದಸ್ಯನಲ್ಲ, ಮಾತಾಡುವಂತಿಲ್ಲ, ಮಾತಾಡಿದ:
‘ನಮ್ಮ ಮುತ್ಯಾ ಜ್ವಾಳಾ ಬಿತ್ತೂಕಿಂತ ಮೊದಲ
ಹಗೇವು ತೋಡಿಸಿದ್ದ.’

ಹಗೇವು.
ಒಬ್ಬ ಇಳಿಯುವಷ್ಟು ಬಾಯಿ, ಮನೆಯಷ್ಟು ಹೊಟ್ಟೆ.
ಒಳಗೆಲ್ಲ ಸೊಪ್ಪೆ, ಬೂದಿ; ಮೇಲೊಂದು ಹಾಸುಗಲ್ಲು.
ಕಲ್ಲಿನ ಮೇಲೆ ದನ ನಡೆದವು, ಹುಡುಗರು ಗೋಲಿ ಆಡಿದರು,
ಕೆಳಗೆ ಜೋಳ ಉಸಿರು ಹಿಡಿದು ಕೂತಿತ್ತು.
ತೆಗೆಯುವ ದಿನ ಮೊದಲು ಕಂದೀಲು ಇಳಿಸುತ್ತಿದ್ದರು.
ದೀಪ ಆರಿದರೆ ಯಾರೂ ಇಳಿಯುವಂತಿಲ್ಲ.

ಕರಾರಿನಲ್ಲೂ ಅಂಥದೊಂದು ಗೆರೆ ಇದೆ.
ಅದರ ಕೆಳಗಿನ ನೀರಿಗೆ ಮೃತಸಾಠಾ ಎಂದು ಹೆಸರು.
ಮರಣದ ರಜಿಸ್ಟರು ಬರೆಯುವ ಕೈ
ಅಲ್ಲಿ ಸ್ವಲ್ಪ ತಡೆಯಿತು.
ತೂಬಿಗೆ ಎಟುಕದ ನೀರು, ಎಂದು ಬರೆದೆ.
ಸತ್ತದ್ದು ಅನ್ನಲಿಲ್ಲ.

ಠರಾವು ಒಂದು ಮತದಿಂದ ಪಾಸಾಯಿತು.
ನೋಟಿಸ್ ಬೋರ್ಡಿನಲ್ಲಿ ನನ್ನ ಅಕ್ಷರ:
‘ಊರ ನೀರಿನ ಹಗೇವು.’
ಇದು ಯಾವ ಶಬ್ದಕೋಶದ್ದು, ಕೇಳಿದರು ಸಾಹೇಬರು,
ಕೇಳಿ, ಅದರ ಮೇಲೆಯೇ ಸಹಿ ಹಾಕಿದರು.

ವೈಶಾಖದಲ್ಲಿ ನಮ್ಮ ಪಾಲು ತೋರಿಸಲು ಕರೆದೊಯ್ದರು.
ಒಂದು ಜೀಪು, ಆರು ಸದಸ್ಯರು, ಮಜ್ಜಿಗೆಯ ಕ್ಯಾನು.
ನೀರು ಎಲ್ಲೋ ದೂರ, ಅಂಗೈಯಷ್ಟು.
ಅಂಕಿ ಬರೆದ ಕಂಬ ಒಣ ನೆಲದಲ್ಲಿ ನಿಂತು
ಗಾಳಿಯ ಆಳ ಅಳೆಯುತ್ತಿತ್ತು.
ಇಂಜಿನಿಯರ ಕೈ ಚಾಚಿ ಬಯಲಲ್ಲಿ ಗೆರೆ ಎಳೆದ:
ಅಲ್ಲಿಂದ ಇಲ್ಲೀತನ ನಿಮ್ಮದು.
ನಮ್ಮದರೊಳಗೊಂದು ಟಿಟ್ಟಿಭ ಕೂಗುತ್ತ ಹಾರಿತು.
ನಮ್ಮದರ ತಳದಲ್ಲಿ ಹಸಿರು.
ನೀರು ಸರಿದ ಗೋಡಿನಲ್ಲಿ ಯಾರೋ
ಕಲ್ಲಂಗಡಿ ಹಾಕಿದ್ದರು.

ಬಳ್ಳಿಯ ನಡುವಿಂದ ಎದ್ದವನ ಹೆಸರು ಧೂಳಪ್ಪ.
‘ಇಲ್ಲೇ ನಮ್ಮಪ್ಪನ ಹೊಲಾ ಇತ್ತರಿ.
ವರ್ಷಕ್ಕ ಎರಡು ತಿಂಗಳ ಮ್ಯಾಲ ಬರ್ತದ,
ನಾನೂ ಬರ್ತೀನಿ.
ಮಳಿ ಹಿಡೀತಂದ್ರ ಇಬ್ಬರೂ ಹೋಗ್ತೀವಿ.’
ಸ್ವಲ್ಪ ತಡೆದು, ಕಾಲಿಂದ ನೆಲ ತಟ್ಟಿ,
‘ಹಗೇವೂ ಇಲ್ಲೇ ಎಲ್ಲೋ ಅದ.’

ರೇವಣಸಿದ್ಧ ನನ್ನ ಮುಖ ನೋಡಲಿಲ್ಲ.

ಕುಡುಗೋಲಿನಿಂದ ಒಂದು ಹಣ್ಣು ಸೀಳಿದ ಧೂಳಪ್ಪ.
ಊರ ಪಾಲಿನಿಂದ ನಾವು ಎತ್ತಿದ ಮೊದಲ ನೀರು
ಕೆಂಪಗಿತ್ತು, ಬಿಸಿಲಿಗೆ ಬೆಚ್ಚಗಿತ್ತು.
ಮುಮ್ತಾಜಬಿ ಬೀಜಗಳನ್ನು ಸೆರಗಿಗೆ ಕಟ್ಟಿಕೊಂಡಳು.
ರೊಕ್ಕ ಕೊಡಹೋದರೆ ಅವ ಕೈ ಒರೆಸಿಕೊಂಡು ಕೇಳಿದ,
ಆ ಕಾಗದದಾಗ ನನ್ನ ಹೆಸರು ಎಲ್ಲಿ ಬರ್ತದರಿ?

ಹದಿನಾಲ್ಕೂ ಪುಟ ನನಗೆ ಬಾಯಿಪಾಠ.
ಕ್ಯಾನು ಬಗ್ಗಿಸಿ ಮಜ್ಜಿಗೆ ಹಾಕಿಕೊಟ್ಟೆ.
ನಿಂತೇ ಕುಡಿದ, ಲೋಟ ತೊಳೆಯಲು
ಅಷ್ಟು ದೂರ, ನೀರಿನ ತನಕ, ನಡೆದು ಹೋದ.