ಕೆಮ್ಮು

ಲೈಪ್ಜಿಗ್‌ನ ಕಾಲುವೆ ಬದಿಯ ಅಂಗಡಿಯಲ್ಲಿ
ಡೆಟ್ಲೆಫ್ ಎದೆಯೆತ್ತರದ ಸ್ಪೀಕರ್ ಜೋಡಿ ತೋರಿಸಿದ:
‘ಇದರಲ್ಲಿ ಎಲ್ಲವೂ ಕೇಳುತ್ತದೆ, ಮೇಡಂ.’

ಹೌದು, ಕೇಳಿತು.
ಚೆಲ್ಲೋ ಹಿಡಿದವನ ಮೂಗಿನುಸಿರು, ಹಾಳೆ ಮಗುಚಿದ್ದು,
ಕುರ್ಚಿಯ ಒಂದು ಕಾಲು ಗಿಡ್ಡ ಅನ್ನುವುದು,
ಮೂರನೇ ಸಾಲಲ್ಲಿ ಯಾರದೋ ಕೆಮ್ಮು.

ರೋಸ್ವಿತಾ ತಲೆಯಾಡಿಸಿದಳು. ಬೇಡ.
ದಿನವಿಡೀ ಮನೆಯಲ್ಲೇ ಕೂತು ಕೋರ್ಟಿನ ಮಾತನ್ನು
ಅಕ್ಷರಕ್ಕಿಳಿಸುವುದು ನನ್ನ ಕೆಲಸ:
ಸಾಕ್ಷಿ ತಡವರಿಸಿದರೆ ಮೂರು ಚುಕ್ಕಿ,
ಅತ್ತರೆ ಕಂಸದೊಳಗೆ ‘ವಿರಾಮ’.
ಎಲ್ಲವನ್ನೂ ಕೇಳಿ ಕೇಳಿ
ನಾಲ್ಕು ಗಂಟೆಗೆಲ್ಲ ಕಿವಿ ಹುಣ್ಣು.
ಏನನ್ನಾದರೂ ಬಚ್ಚಿಡುವಂಥದ್ದು ಕೊಡಿ.

ಒಳಗಿಂದ ತಂದ,
ಬ್ರೆಡ್ಡಿನ ಡಬ್ಬಿಯಷ್ಟು ದೊಡ್ಡ, ಬಟ್ಟೆ ಮುಸುಕಿನ
ಹಳೆಯ ಜೋಡಿ. ಅದೇ ಚೆಲ್ಲೋ,
ಅಂಚು ಸವೆದ ಸೋಪಿನ ಹಾಗೆ.
ಕೆಮ್ಮು ಇಲ್ಲ.

ಈಗ ಅವು ಮೇಜಿನ ಎರಡು ತುದಿಗೆ,
ಗೋಡೆಯಿಂದ ಗೇಣು ದೂರ,
ಅಡಿಗೆ ಮಡಿಸಿದ ಟವೆಲು.
ಸಂಜೆ ಆರರ ಟ್ರಾಮು ಹೋದ ಮೇಲೆ ಹಚ್ಚುತ್ತಾಳೆ.
ಆ ಜಾಗ ಬಂದಾಗ ಮಾತ್ರ
ಕುರ್ಚಿ ಮುಂದಕ್ಕೆಳೆದು ಕಿವಿಗೊಡುತ್ತಾಳೆ.
ಏನೂ ಇಲ್ಲ.
ಗಂಟಲು ಸರಿಮಾಡಿಕೊಂಡು
ತಾನೇ ಒಮ್ಮೆ ಕೆಮ್ಮುತ್ತಾಳೆ.