ನಾಲಿಗೆ ತೋರಿಸು

ಮೊದಲು ತುಟಿಯ ಮೂಲೆ ಸೀಳಿತು.
ಡೊಂಬಿವಲಿಯ ಏಳು ಹದಿನಾಲ್ಕರ ಲೇಡೀಸ್ ಡಬ್ಬಿಯಲ್ಲಿ
ಬಟಾಣಿ ಸುಲಿಯುತ್ತಿದ್ದ ನಳಿನಿ ಸಾಠೆ
ತಲೆಯೆತ್ತದೆ ಹೇಳಿದಳು: ತುಪ್ಪ ಹಚ್ಚು.
ಹಚ್ಚಿದೆ.

ಆಮೇಲೆ ಮೊಣಕೈ ಹಿಂದೆ ಎರಡು ರೂಪಾಯಿಯಗಲ ತುರಿಕೆ.
ಘಾಟ್ಕೋಪರಿನ ಚರ್ಮದ ಡಾಕ್ಟರು ಬಿಳಿ ಟ್ಯೂಬು ಕೊಟ್ಟರು,
ಠಾಣೆಯ ಹಲ್ಲಿನವರು ಬಾಯಿಹುಣ್ಣಿಗೆ ನೀಲಿ ನೀರು.
ಬೆರಳ ಗೆಣ್ಣುಗಳು ಬೆಳಿಗ್ಗೆ ಮಡಚಲೊಲ್ಲವು;
ವಯಸ್ಸು, ಎಂದರು. ನನಗಿನ್ನೂ ನಲವತ್ತೊಂದು.
ಕೂದಲಿಗೆ ಬೋರ್‌ವೆಲ್ ನೀರೇ ಕಾರಣ, ಎಂದಳು ಮೇಲಿನ ಮಹಡಿಯ ಗೋದಕ್ಕ.
ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ.
ಚಾಳಿನ ಖೋಲಿಗಳ ಹಾಗೆ
ಮೈಯನ್ನು ಬಾಡಿಗೆಗೆ ಕೊಟ್ಟಿದ್ದೆ.

ಹೊಟ್ಟೆಯ ವಿಷಯ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಹೇಳುವಂಥದ್ದೇನಿತ್ತು?
ಸಂಜೆ ನೆರಿಗೆ ಸಡಿಲಿಸಿದರೆ ಸರಿಹೋಗುವ ಉಬ್ಬರ.
ನಾಲ್ಕು ದಿನ ಏನೂ ಇಲ್ಲ, ಐದನೆಯ ದಿನ
ಕುರ್ಲಾ ಬರುವಷ್ಟರಲ್ಲಿ ತಣ್ಣನೆ ಬೆವರು.
ಹೆಂಗಸರು ಟ್ರೇನಿನಲ್ಲಿ ಗಂಡನ ಸಾಲ ಹೇಳಿಕೊಳ್ಳುತ್ತಾರೆ,
ಇದನ್ನಲ್ಲ.

ಮರೆವು ಶುರುವಾದಾಗ ಹೆದರಿದೆ.
ವಿಮೆ ಕಚೇರಿಯ ನನ್ನ ಮೇಜಿನ ಮುಂದೆ
ಮುಳುಗಿದ ದೋಣಿಯ ಕ್ಲೇಮಿಗೆ ಬಂದ ವರ್ಸೋವಾದ ಮುದುಕ
ಮೂರನೆಯ ಸಲ ತನ್ನ ಹೆಸರು ಹೇಳುತ್ತಿದ್ದಾನೆ,
ನನ್ನ ತಲೆಯೊಳಗೆ ಹಿಂಡದ ಬಟ್ಟೆ.

ಫೋರ್ಟಿನ ಹಿಂದಿನ ಗಲ್ಲಿ, ಕಿರುಗುಟ್ಟುವ ಮರದ ಮೆಟ್ಟಿಲು,
ಪಾರ್ಸಿ ಮುದುಕಿ ಡಾಕ್ಟರ್ ದೀನಾ ಮಿಸ್ತ್ರಿ.
ಟ್ಯೂಬು, ಬಾಟಲಿ, ಚೀಟಿ, ಎಲ್ಲ ಸುರಿದೆ ಮೇಜಿನ ಮೇಲೆ.
ನೋಡಲೇ ಇಲ್ಲ. ‘ಜೀಭ್ ದಿಖಾವ್.’
ಸುಣ್ಣ ಬಳಿದಂತಿದ್ದ ನಾಲಿಗೆಯನ್ನು
ಹಳೆಯ ಕಾಗದ ಓದುವಂತೆ ಓದಿದಳು. ಉಗುರು ಒತ್ತಿದಳು.
ಕೆಳರೆಪ್ಪೆ ಎಳೆದಳು. ಆಮೇಲೆ ಹೊಕ್ಕುಳ ಸುತ್ತ
ತಣ್ಣಗಿನ ಮೂರು ಬೆರಳು, ನಿಧಾನ,
ಕತ್ತಲಲ್ಲಿ ಚಿಲಕ ಹುಡುಕುವವಳ ಹಾಗೆ.

ರಕ್ತ ನೋಡೋಣ, ಬೇರೇನಾದರೂ ಇರಬಹುದು, ಎಂದಳು.
ಆದರೆ ಕೂಗುತ್ತಿರುವುದು ಒಂದೇ ಮನೆ ಅನ್ನಿಸುತ್ತೆ,
ನೀನು ಕಿಟಕಿ ಕಿಟಕಿಗೆ ಓಡಿದ್ದೀಯ.
ಪೇಟ್ ಮೇ ಕ್ಯಾ ಡಾಲತೀ ಹೈ, ಬೇಟಾ?

ನಿಂತು ತಿಂದ ವಡಾಪಾವ್, ಹೇಳಿದೆ. ದಿನಕ್ಕೆ ಏಳು ಕಟಿಂಗ್.
ತಲೆನೋವಿಗೆ ಮಾತ್ರೆ, ಖಾಲಿ ಹೊಟ್ಟೆಗೆ.
ಉಳಿದದ್ದು ಹಿಂದಿಗೆ ಬರಲಿಲ್ಲ.
ಅವ್ವ ಧಾರವಾಡದ ಸ್ಟೇಷನ್ನಿನಲ್ಲಿ
ನನ್ನ ಸೆರಗು ಸರಿಮಾಡುತ್ತ ಅಂದಿದ್ದು:
ಯಾರು ಏನಂದ್ರೂ ಹೊಟ್ಟ್ಯಾಗ ಹಾಕ್ಕೊಂಡು ಹೋಗವಾ.
ಹತ್ತೊಂಬತ್ತು ವರ್ಷ ಹಾಕಿಕೊಂಡೆ.
ಕೇಳದೆ ಒತ್ತೆಯಿಟ್ಟ ನನ್ನ ಪಾಟಲಿಗಳನ್ನು,
ಉಪ್ಪು ಜಾಸ್ತಿ ಎಂದು ಸರಿಸಿದ ತಾಟನ್ನು,
ಅಗಿಯದೆ.

ಈಗ ಹತ್ತು ದಿನದಿಂದ ಮಜ್ಜಿಗೆ, ಜೋಳದ ನುಚ್ಚು,
ಕುಳಿತು. ಏಳು ಹದಿನಾಲ್ಕು ಬಿಟ್ಟು ಏಳು ಮೂವತ್ತೊಂದು.
ತುಟಿ ಇನ್ನೂ ಪೂರ್ತಿ ಕೂಡಿಲ್ಲ.
ಮುದುಕನ ಹೆಸರು ಧರ್ಮಾ ತಾಂಡೇಲ್. ನೆನಪಿದೆ.

ನಿನ್ನೆ ನಸುಕಿನ ನಾಲ್ಕಕ್ಕೆ ಗುಡುಗುಡು ಕೇಳಿ
ನೀರು ಬಂತೆಂದು ಎದ್ದು
ಕೊಡ ಹಿಡಿದು ಮೋರಿಯ ಹತ್ತಿರ ನಿಂತೆ.
ನಲ್ಲಿ ಒಣಗಿತ್ತು.
ಮತ್ತೆ ಗುಡುಗುಡು, ಸೊಂಟದ ಗಂಟಿನ ಒಳಗಿಂದ.
ಹಸಿವು.
ಕೊಡ ಕೆಳಗಿಟ್ಟು, ಅಲ್ಲೇ ಕುಕ್ಕರಗಾಲಲ್ಲಿ ಕೂತು,
ಏನವಾ, ಎಂದು ಕೇಳಿದೆ.