ಸೋತ ಚೀಟಿಗಳು

ಓರೆಗಾನಿನಲ್ಲಿ, ಹೆದ್ದಾರಿ ಮೂವತ್ತರ ಪಕ್ಕ,
ಪೆಟ್ರೋಲು, ಕಾಫಿ, ಮೀನಿನ ಗಾಳ
ಮಾರುವ ಅಂಗಡಿ ನನ್ನದು.
ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ ಸುರುಳಿ ಸುರುಳಿ
ಲಾಟರಿ ಚೀಟಿ.

ಶುಕ್ರವಾರ ಸಂಜೆ ವೆಂಡೆಲ್ ಬರುತ್ತಾನೆ,
ಕೂದಲಲ್ಲಿ ಮರದ ಮಿಲ್ಲಿನ ಹೊಟ್ಟು.
ಐದು ಚೀಟಿ ಕೊಂಡು ಅಲ್ಲೇ ನಿಂತು
ನಾಣ್ಯದಂಚಿನಿಂದ ಕೆರೆಯುತ್ತಾನೆ
ಗಾಯದ ಹಕ್ಕಳೆ ಕೀಳುವವನ ಹಾಗೆ.
ಕಟ್ಟೆಯ ಮೇಲೆ ಬೂದುಬಣ್ಣದ ಪುಡಿ.
ಹನ್ನೊಂದು ವರ್ಷದಲ್ಲಿ ಒಮ್ಮೆ
ನಲವತ್ತು ಡಾಲರು ಬಂದಿತ್ತು.
ಅದಕ್ಕೂ ಚೀಟಿಯನ್ನೇ ಕೊಂಡ.

ನಾನು ಮಾತಾಡುವುದಿಲ್ಲ, ಪುಡಿ ಒರೆಸುತ್ತೇನೆ.
ಮಾರುವವಳಿಗೆ ಬುದ್ಧಿ ಹೇಳುವ ಹಕ್ಕೆಲ್ಲಿ?

ಮಾರ್ಚಿನಲ್ಲಿ ಶಾಲೆಯ ಕಾಗದ ಹಿಡಿದು ಬಂದ.
ಮಗಳು ಆಡ್ರಾ, ಆರನೇ ಕ್ಲಾಸು,
ಕಾಡಿನಲ್ಲಿ ಐದು ಹಗಲು, ನಾಲ್ಕು ರಾತ್ರಿ.
ಕನ್ನಡಕ ಮರೆತಿದ್ದ. ‘ಎಷ್ಟು ಕಟ್ಟಬೇಕು, ನೋಡು’ ಅಂದ.
ಮೊತ್ತದ ಜಾಗದಲ್ಲಿ ಸೊನ್ನೆ.
ಕೆಳಗೆ ಸಣ್ಣಕ್ಷರದಲ್ಲಿ:
ಖರ್ಚು ರಾಜ್ಯದ ಲಾಟರಿ ನಿಧಿಯಿಂದ.
ಇನ್ನೊಮ್ಮೆ ಓದು, ಅಂದ.

ಮಲಗುವ ಚೀಲ ಮಾತ್ರ ಮನೆಯದು.
ಜಿಂಕೆ ಬೇಟೆಗೆ ಒಯ್ಯುತ್ತಿದ್ದ ತನ್ನದನ್ನೇ
ಕೊಡವಿ ಬಿಸಿಲಿಗೆ ಹಾಕಿದನಂತೆ.
ಒಳಗಿಂದ ಯಾವ ಕಾಲದ್ದೋ
ಫರ್ ಮರದ ಒಣ ಎಲೆ ಉದುರಿತಂತೆ.

ಹುಡುಗಿ ಹೋಗಿ ಬಂದಳು.
ಕೊರಳ ದಾರದಲ್ಲಿ ಕೊಂಬೆ ಕತ್ತರಿಸಿದ ಬಿಲ್ಲೆ,
ಅದರ ಮೇಲೆ ತಾನೇ ಇಟ್ಟುಕೊಂಡ ಹೆಸರು: ಜರೀಗಿಡ.
ಚಿಪ್ಪಿಲ್ಲದ ಹಳದಿ ಬಸವನಹುಳುವನ್ನು ನೆಕ್ಕಿದಳಂತೆ,
ಜೋಮು ಹಿಡಿದ ನಾಲಿಗೆ ಹೀಗಿತ್ತು ಅಂತ
ನನಗೆ ಚಾಚಿ ತೋರಿಸಿದಳು.
ಎರಡನೆಯ ರಾತ್ರಿ ಟಾರ್ಚೆಲ್ಲ ಆರಿಸಿ
ಒಂದೊಂದು ಮರದ ಬುಡಕ್ಕೆ ಒಬ್ಬೊಬ್ಬರನ್ನು ಕೂರಿಸಿದರಂತೆ.
ಅತ್ತೆಯಾ?
ಸ್ವಲ್ಪ. ಆಮೇಲೆ ಗೂಬೆ ಕೂಗಿತು,
ಎಣಿಸಿದೆ. ಒಂಬತ್ತು ಸಲ.

ಡಾಕ್ಟರ ಮಗನೂ ಅದೇ ಬಸ್ಸಿನಲ್ಲಿ ಹೋಗಿದ್ದ,
ಪಕ್ಕದ ಮರದ ಬುಡ ಅವನದು.
ಡಾಕ್ಟರು ನನ್ನಲ್ಲಿ ಚೀಟಿ ಕೊಂಡದ್ದು
ನಾನಂತೂ ಕಾಣೆ.
ಆದರೆ ಗೂಬೆಗೆ ಇದೆಲ್ಲ ಯಾಕೆ,
ಅದು ಇಬ್ಬರಿಗೂ ಕೂಗಿತು.

ವೆಂಡೆಲ್ ಬಿಲ್ಲೆಯನ್ನು ದೀಪಕ್ಕೆ ಹಿಡಿದು
ಉಗುರಿಂದ ಉಂಗುರ ಎಣಿಸಿದ.
ಆಲ್ಡರ್, ಹದಿನಾಲ್ಕು ವರ್ಷದ್ದು, ಅಂದ.
ಮಿಲ್ಲಿನವನಲ್ಲವೇ.
ಆಮೇಲೆ ಐದು ಚೀಟಿ ಕೇಳಿದ.

ಕೆರೆದ. ಏನಿಲ್ಲ. ಏನಿಲ್ಲ. ಏನಿಲ್ಲ.
ನಾಲ್ಕನೆಯದಕ್ಕೆ ಯಾಕೋ ನಕ್ಕ:
‘ಇದು ಯಾರದೋ ಬೆಳಗಿನ ಗಂಜಿಗಾಯ್ತು.’
ಡಾಲರಿಗೆ ಐದು ಸೆಂಟು ನನ್ನ ಪಾಲು,
ನಾನು ನಗಲಿಲ್ಲ.

ಐದನೆಯದನ್ನು ಕೆರೆಯದೆ ಜೇಬಿಗಿಟ್ಟ.
ಆಡ್ರಾ ಕಟ್ಟೆಗೆ ಬಾಗಿ
ಪುಡಿಯನ್ನು ಉಫ್ ಎಂದು ಊದಿದಳು.
ಬಟ್ಟೆ ಹಿಡಿದ ನನ್ನ ಕೈ
ಹಾಗೇ ನಿಂತಿತು.